ಹಂಸಾಬೆನ್ ಇಟ್ಟ ಸೂಜಿ

ಕಿರುಬೆರಳಿನ ಉಗುರಿನ ಬುಡದಲ್ಲಿ ಇರುವೆ ಕಚ್ಚಿದ ಹಾಗೆ ಒಂದು ಚುಳ್, ಅಯ್ಯೋ ಇಷ್ಟೇಯಾ, ಇಷ್ಟಕ್ಕೆ ನಾನು ರಾಮಾ ಕೃಷ್ಣಾ ಅಂತ ಕಣ್ಣು ಮುಚ್ಚಿದ್ದಾ — ಇನ್ನೊಂದು ಕೈಗೂ ಚುಳ್, ಕೂದಲಿನಷ್ಟು ಸಪೂರ ಸೂಜಿ, ಬೇಟಾ, ಹಾಥ್ ಮತ್ ಹಿಲಾನಾ, ಇಪ್ಪತ್ತು ನಿಮಿಷ ಅಲ್ಲಾಡಬಾರದು ಅಂದರು ಹಂಸಾಬೆನ್, ಸರಿ, ಮರದ ಗೊಂಬೆ ಹಾಗೆ ಬಿದ್ದಿರುತ್ತೇನೆ, ಹಾಲೊಂದು ಬರಲಿ. ಹೆತ್ತು ಹನ್ನೆರಡು ದಿನ, ಮಗಳು ಬಾಯಿ ಹಾಕುತ್ತಾಳೆ, ಎಳೆಯುತ್ತಾಳೆ, ನಾಲ್ಕೇ ಹನಿ, ಆಮೇಲೆ ಮುಖ ಕೆಂಪು ಮಾಡಿ ನನ್ನನ್ನೇ ಬೈದ ಹಾಗೆ ಅಳು, ಕೊನೆಗೆ ಅಮ್ಮ ಪುಡಿಹಾಲು ಕಲಸಿ ಒಳಲೆಯಲ್ಲಿ ಕುಡಿಸುವುದು, ಕುಡಿಸುವಾಗ ನನ್ನ ಮುಖ ನೋಡುವುದಿಲ್ಲ ಅವಳು, ನೋವು ಅಂದರೆ ಅದು, ಈ ಸೂಜಿ ಎಂತ ಮಹಾ. ಪಾಪ, ಕುಂದಾಪುರದಿಂದ ರೈಲಿನಲ್ಲಿ ಲೇಹ್ಯದ ಭರಣಿಯನ್ನು ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡೇ ಸೂರತ್ತಿಗೆ ಬಂದವಳು, ಮೆಂತೆ ಗಂಜಿ, ಬೆಳ್ಳುಳ್ಳಿ, ಕೆಳಗಿನ ಮನೆಯ ಗುಜರಾತಿ ಅಜ್ಜಿ ಕೊಟ್ಟ ಗೋಂದಿನ ಉಂಡೆ, ಎಲ್ಲ ತಿನ್ನಿಸಿದಳು, ನಾನು ಊದಿಕೊಂಡೆ ಅಷ್ಟೆ. ಹಾಲು ಬರಿಸುವ ಈ ಚೀನಾ ಸೂಜಿ ವೈದ್ಯದ ಸುದ್ದಿ ತಂದವರು ಇವರು, ನಮ್ಮ ರಘುರಾಮರಾಯರು, ನಮ್ಮ ಹೋಟೆಲಿಗೆ ದಿನಾ ಇಡ್ಲಿಗೆ ಬರುವ ಈ ಡಾಕ್ಟರಮ್ಮನ ಹತ್ತಿರ ಗಲ್ಲಾದಲ್ಲಿ ಕೂತೇ ಹೆಂಡತಿಯ ಎದೆಹಾಲಿನ ಕಥೆ ಹೇಳಿದ್ದಾರೆ, ನಾಚಿಕೆ ಇಲ್ಲದ ಜನ, ಆದರೂ ನೋಡಿ, ನನಗಾಗಿಯೇ ಅಲ್ವಾ. ಬಾಳಂತಿಗೆ ಸೂಜಿಯಾ, ನಂಜಾದರೆ ಯಾರು ಗತಿ, ಅಮ್ಮ ಒಂದು ಸುತ್ತು ಕುಣಿದಳು, ಮತ್ತೆ ತಾನೇ ನನ್ನ ತಲೆಗೆ ಶಾಲು ಸುತ್ತಿ, ಎರಡೂ ಕಿವಿಗೆ ಹೊಸ ಹತ್ತಿ ತುರುಕಿ, ಗಾಳಿ ಸೋಕಬಾರದು ಮಗಾ, ಅಂತ ರಿಕ್ಷಾ ಹತ್ತಿಸಿದಳು, ಸೂರತ್ತಿನ ಮೇ ತಿಂಗಳಲ್ಲಿ ಗಾಳಿ ಎಲ್ಲಿಂದ ಬರಬೇಕು ಮಾರಾಯ್ತಿ. ಈ ಹತ್ತಿಯಿಂದ ಹನ್ನೆರಡು ದಿನ ಲೋಕವೆಲ್ಲ ನೀರಿನೊಳಗಿಂದ ಕೇಳಿದ ಹಾಗೆ, ನನ್ನ ಮಗಳ ಅಳು ಕೂಡ ಪಕ್ಕದ ಮನೆಯದ್ದರ ಹಾಗೆ — ಈಗ ಹಂಸಾಬೆನ್ ನಗುತ್ತಾ ಹತ್ತಿ ಕಿತ್ತು ಕಿವಿಯ ಅಂಚಿಗೂ ಒಂದು ಸೂಜಿ ಇಟ್ಟು ಹೊರಗೆ ಹೋದರು, ಅಬ್ಬಾ, ಫ್ಯಾನಿನ ಕಟಕಟ, ರಿಕ್ಷಾಗಳ ಹಾರನ್, ಹೊರಗೆ ಇವರು ಹೊಸ ಮೊಬೈಲಿನಲ್ಲಿ ಹಲೋ ಹಲೋ ಅಂತ ಬೊಬ್ಬೆ, ಎಷ್ಟು ಚಂದ ಇದೆಲ್ಲ, ಎಷ್ಟು ಗಲಾಟೆ.

ಮಗು ಅಳುತ್ತಿದೆ. ನನ್ನದಲ್ಲ, ನನ್ನದು ಮನೆಯಲ್ಲಿ ಅಮ್ಮನ ತೊಡೆ ಮೇಲೆ, ಇದು ಹೊರಗೆ ಬೆಂಚಿನಲ್ಲಿ ಕೂತಿದ್ದ ಹಸಿರು ಸೀರೆಯವಳದ್ದು, ಎಂತ ಗಂಟಲು ಮಾರಾಯ್ರೆ, ಹಸಿವೆಯ ಅಳು, ಅಮ್ಮಾ ಅಂದ ಹಾಗೇ ಕೇಳುತ್ತದೆ — ಇದೆಂತದ್ದು, ಕಂಕುಳಿಂದ ಜುಮ್ ಅಂತ ಎಂತದೋ ಇಳಿಯುತ್ತಿದೆ, ಎರಡೂ ಬದಿ ಬಿಗಿ, ಬಿಸಿ, ಸೂಜಿಯಿಂದಲಾ, ಅಳುವಿನಿಂದಲಾ, ದೇವರಿಗೇ ಗೊತ್ತು, ಮುಟ್ಟಿ ನೋಡಬೇಕು, ಕೈ ಎತ್ತುವ ಹಾಗಿಲ್ಲ, ಕುತ್ತಿಗೆ ಮಾತ್ರ ಎತ್ತಿದರೆ ನೀಲಿ ರವಿಕೆಯ ಮೇಲೆ ಒದ್ದೆ, ಉದ್ದಿನಬೇಳೆಯಷ್ಟು, ಅಲ್ಲ, ಗೋಳಿಬಜೆಯಷ್ಟು, ಅಯ್ಯೋ ಇಡ್ಲಿಯಷ್ಟಾಯಿತು, ನಗು ಬರುತ್ತದೆ, ಅಳುವೂ ಬರುತ್ತದೆ, ಹೆತ್ತ ಮಗಳಿಗೆ ಬಾರದ್ದು ಯಾರದ್ದೋ ಕೂಸಿಗೆ ಬಂತಲ್ಲ, ಬರಲಿ, ಹೇಗಾದರೂ ಬರಲಿ, ಇವರೇ, ರಿಕ್ಷಾ ಕರೆಯಿರಿ, ಮಗಳಿಗೆ ಹಾಲು ಉಂಟು, ಹಾಲು ಉಂಟು! — ಬಹೆನ್, ಬಚ್ಚೇ ಕೋ ಚುಪ್ ಕರಾವೋ, ಹಂಸಾಬೆನ್ ಹೇಳುತ್ತಿದ್ದಾರೆ, ಬೇಡ, ಸುಮ್ಮನಾಗಿಸಬೇಡಿ, ಇನ್ನು ಸ್ವಲ್ಪ ಅಳು ಪುಟ್ಟಾ, ನಿನ್ನ ದಮ್ಮಯ್ಯ, ನೀಲಿ ರವಿಕೆ, ಒದ್ದೆ, ದೋಸೆಯಷ್ಟು ಒದ್ದೆ