ಬರೀ ಬೈಗುಳ

“ಚಪ್ಪಲಿ ತಲಿ ಮ್ಯಾಲ ಇಟ್ಕೊಂಡು ನಡಿಯಲೇ, ಹೊಲ್ಯಾ ಸೂಳಿಮಗನ! ನಮ್ಮ ಓಣ್ಯಾಗ ಗಾಡಿ ಮ್ಯಾಲ ಬರ್ತೀ ಏನಲೇ?”

ಸರೋಜ ಹೆಡ್‌ಫೋನ್ ತೆಗೆಯಲಿಲ್ಲ. ಪರದೆಯ ಮೇಲಿನ ಓಣಿ ಅವಳ ಸಿಂಧನೂರು ಕಡೆಯದೇ. ಬೈಕ್ ಚರಂಡಿಯಲ್ಲಿ ಬಿದ್ದಿತ್ತು. ಅದರ ಒಡೆಯ ತಲೆಯ ಮೇಲೆ ಚಪ್ಪಲಿ ಹಿಡಿದು ನಡೆಯುತ್ತಿದ್ದ. ವಿಡಿಯೋ ತೆಗೆಯುತ್ತಿದ್ದವನು ನಗುತ್ತಿದ್ದ.

ಅವಳು ‘ತೆಗೆದುಹಾಕು’ ಒತ್ತಿದಳು.

ಜನ ಜಾಲತಾಣಕ್ಕೆ ಹಾಕುವ ಕನ್ನಡ ವಿಡಿಯೋಗಳಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಒತ್ತುವುದು ಮಲಯಾಳಿಗಳ ಊರಾದ ಕಳಕ್ಕೂಟಂನ ಒಂದು ಕಂಪನಿಯಲ್ಲಿ ಅವಳ ಕೆಲಸ. ನೇಣು, ಅಪಘಾತ, ಹೊಡೆತ. ಮೊದಮೊದಲು ವಾಂತಿಯಾಗುತ್ತಿತ್ತು. ಈಗ ಅದೆಲ್ಲ ನೋಡಿ ನೇರ ಕ್ಯಾಂಟೀನಿಗೆ ಹೋಗಿ ಮೀನು ಸಾರು, ಅನ್ನ ಉಣ್ಣುತ್ತಾಳೆ. ರುಚಿ ಮಾತ್ರ ತಿಳಿಯುವುದಿಲ್ಲ.

ಅಣ್ಣ ರಾಮಚಂದ್ರ ಇದೇ ಊರಿಗೆ ಕಟ್ಟಡದ ಕೆಲಸಕ್ಕೆ ಬಂದವನು. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಗುತ್ತಿಗೆದಾರ ಫೋನ್ ಎತ್ತುವುದನ್ನೇ ಬಿಟ್ಟ. ಈಗ ಆಸ್ಪತ್ರೆಗೆ ಹತ್ತಿರವೆಂದು ಉಳ್ಳೂರಿನ ಬಾಡಿಗೆ ಕೋಣೆಯಲ್ಲಿ ಮಲಗಿದ್ದಾನೆ. ಆ ಬೆಳಿಗ್ಗೆ ಅವನನ್ನು ಮಗ್ಗುಲು ಹೊರಳಿಸಿ ಬೆನ್ನಿನ ಹುಣ್ಣು ಒರೆಸುವಾಗ ಕೇಳಿದ್ದ:

“ಕೆಲಸ ಬಿಡ್ತೀನಂತಿದ್ದಿ?”

“ಬಿಟ್ರ ನಿನ್ನ ಔಷಧಿ ಯಾರಪ್ಪ ತರ್ತಾನ?”

“ಕುಂತು ವಿಡಿಯೋ ನೋಡಾಕ ಪಗಾರ ಕೊಡ್ತಾರ. ಪುಣ್ಯಾ ಮಾಡೀದಿ ಬಿಡವ್ವಾ.”

“ಹೂಂ ಅಣ್ಣಾ,” ಎಂದಿದ್ದಳು.

ಮಧ್ಯಾಹ್ನ ಹೃಷಿಕೇಶ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಇವರು ಒತ್ತಿದ್ದನ್ನೆಲ್ಲ ತಪಾಸಣೆ ಮಾಡುವ ಮೇಲಿನವನು, ಬೆಂಗಳೂರಿನವನು.

“ಇದನ್ನ ಯಾಕೆ ತೆಗೆದೆ? ರಕ್ತ ಇದ್ಯಾ? ಹೊಡೆದ್ರಾ?”

“ಜಾತಿ ಹಿಡಿದು ಬೈದಾರ್ರೀ ಸರ್.”

“ಅದು ಬರೀ ಬೈಗುಳ ಕಣಮ್ಮ. ನಿಮ್ಮ ಕಡೆ ಹಳ್ಳೀಲಿ ಮಾತಾಡೋದೇ ಹಾಗೆ. ನಿಮ್ಮವರ ವಿಡಿಯೋ ಬಂದ್ರೆ ನಿಂಗೆ ತಲೆ ಕೆಡುತ್ತೆ, ಅದು ನಮ್ಮ ಪ್ರಾಬ್ಲಮ್ಮಾ?” ಸುತ್ತ ಎಲ್ಲರಿಗೂ ಕೇಳುತ್ತಿತ್ತು. “ಇನ್ನೊಂದು ತಪ್ಪಾದ್ರೆ ಸಂಬಳ ಕಟ್ಟಾಗುತ್ತೆ.”

“ಸಾರಿ ಸರ್.”

“‘ಇರಲಿ’ ಅಂತ ಒತ್ತು. ನನ್ನೆದುರೇ.”

ಒತ್ತಿದಳು. ಬೆರಳು ಬೇರೆ ಯಾರದೋ ಅನ್ನಿಸಿತು. ಕುತ್ತಿಗೆಗೆ ಇಳಿಸಿದ್ದ ಹೆಡ್‌ಫೋನ್ ತೆಗೆದಿಟ್ಟು ಎದ್ದು ನಿಂತಳು.

“ಸರ್, ನನ್ನ ಹಂಗ ಕರೀರಿ.”

“ಏನು?”

“ಬರೀ ಬೈಗುಳ ಅಂದ್ರೆಲ್ರೀ. ಆತ ಆ ಮನಷ್ಯಾಗ ಅಂದಂಗ ನನಗೂ ಅನ್ರೀ. ಇಲ್ಲೇ, ಎಲ್ಲಾರ ಮುಂದ.”

ಪಕ್ಕದ ಕುರ್ಚಿಯ ಜುಬೈದಾ ತೋಳು ಹಿಡಿದು ಜಗ್ಗಿದಳು. ಮಂಜೇಶ್ವರದ ಹುಡುಗಿ. “ಕೂತ್ಕೊ ಮಾರಾಯ್ತಿ. ಕೆಲ್ಸ ಹೋದ್ರೆ ಅಣ್ಣನ ಗತಿ ಎಂತ?”

ಹೃಷಿಕೇಶ್ ನಕ್ಕ. ಬೇರೆ ಯಾರೂ ನಗಲಿಲ್ಲ. “ಹೋಗು, ನೀರು ಕುಡಿದು ಬಾ.”

“ನೀರು ಬ್ಯಾಡ್ರೀ. ಕರೀರಿ.”

“ಕೊಚ್ಚಿಯ ಹೆಡ್ ಆಫೀಸಿಗೆ ಒಂದು ಮೇಲ್ ಹಾಕಿದ್ರೆ ನಾಳೆಯಿಂದ ನೀನು ಇರಲ್ಲ.”

“ಹಾಕ್ರಿ. ಮೊದಲ ಕರೀರಿ.”

ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ. ಏಸಿಯ ತಣ್ಣನೆ ಗಾಳಿ ಕುತ್ತಿಗೆಗೆ ಬಡಿಯುತ್ತಿತ್ತು, ಅಷ್ಟೇ. ಜುಬೈದಾಳ ಕೈ ತೋಳು ಬಿಟ್ಟಿತು. ಅವಳೂ ತನ್ನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹಿಂದಿನ ಸಾಲಿನಲ್ಲೂ ಯಾರೋ ಇಟ್ಟ ಸದ್ದು. ಮತ್ತೊಂದು.

ಹೃಷಿಕೇಶ್ ಬಾಯಿ ತೆರೆದ. ಆ ಮಾತು ಅವನ ನಾಲಿಗೆಗೆ ಬರಲಿಲ್ಲ.

ಪರದೆಯ ಮೇಲೆ ಮುಂದಿನ ವಿಡಿಯೋ ತಾನಾಗಿಯೇ ಶುರುವಾಗಿತ್ತು. ಯಾರೂ ನೋಡುತ್ತಿರಲಿಲ್ಲ.