ಇವರು — ಬೇಡ

ಶುಕ್ರವಾರ ಮಧ್ಯಾಹ್ನ ಕೊಲ್ಲಿ ದೇಶದ ರಾಸ್ ಲಫಾನ್ ಅನಿಲ ಸ್ಥಾವರದಲ್ಲಿ ಪಾಳಿ ಮುಗಿಸಿ ಬಿನ್ ಮಹಮೂದ್ ಬಡಾವಣೆಯ ತನ್ನ ಮನೆಗೆ ಬಂದ ಯಜ್ಞೇಶ್ ಬೂಟನ್ನೂ ಬಿಚ್ಚಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಪುಸ್ತಕದತ್ತ ಅವನ ಕಣ್ಣು ಹೋಯಿತು.

ಅಲ್ಲಿದ್ದದ್ದು ಎರಡು ಪುಸ್ತಕ. ಒಂದರಲ್ಲಿ ಚೀನೀ ಗಿಡಮೂಲಿಕೆಗಳ ಚಿತ್ರ. ಇನ್ನೊಂದು ಇಟ್ಟಿಗೆಯಂಥ ಇಂಗ್ಲಿಷ್ ಮೂಲಿಕೆ ಕೋಶ. ಅಂಚೆಯ ಮೂಲಕ ಓದುತ್ತಿದ್ದ ಮೂಲಿಕೆ ಔಷಧದ ಕೋರ್ಸಿನ ಪರೀಕ್ಷೆಗೆಂದು ಅವನ ಹೆಂಡತಿ ಲೀಲಾಕ್ಷಿ, ತಾನು ಕೆಲಸ ಮಾಡುವ ಕ್ಲಿನಿಕ್ಕಿನ ಚೀನೀ ಡಾಕ್ಟರಮ್ಮನಿಂದ ಕೇಳಿ ತಂದದ್ದು. "ಒಂದನ್ನೇ ನಂಬಬೇಡ. ಲ್ಯಾಟಿನ್ ಹೆಸರು ಹಿಡಿದು ಎರಡನ್ನೂ ತಾಳೆ ನೋಡು," ಎಂದಿದ್ದರು ಅವರು. ಇವು ಕೆಡದೆ ಅವರ ಕೈಗೆ ಮರಳಿದರಷ್ಟೇ ಮುಂದಿನ ಸಂಪುಟ ಸಿಗುವುದು. ಅದಿಲ್ಲದಿದ್ದರೆ ಪರೀಕ್ಷೆಯೂ ಇಲ್ಲ.

ತೆರೆದ ಪುಟದಲ್ಲಿ ಕೈಕಾಲು ಮೂಡಿದ ಮನುಷ್ಯನಂಥ ಬೇರು, ಜಿನ್ಸೆಂಗ್. ಬಿ.ಪಿ. ಇದ್ದವರು ಅದನ್ನು ತಿನ್ನಬಾರದೆಂದು ಎರಡೂ ಪುಸ್ತಕ ಹೇಳಿದ್ದವು. ಗಂಡನ ಬಿ.ಪಿ. ನೆನಪಾಗಿ, ಅವನ ಹೆಸರು ಬರೆಯಲು ನಾಚಿ, ಅವಳು ಒಂದು ಚೀಟಿಯಲ್ಲಿ ಗೀಚಿ ಚಿತ್ರದ ಕೆಳಗೆ ಇಟ್ಟಿದ್ದಳು: 'ಇವರು — ಬೇಡ.'

"ಎಂತ ಇದು? ಗೊಂಬೆ! ಕೆಳಗೆ 'ಇವರು ಬೇಡ'! ನಂಗೆ ಮಾಟ ಮಾಡಿಸ್ತೀಯಾ?"

"ಅಯ್ಯೋ, ಅದು ಬೇರು... ನಿಮ್ಮ ಬಿ.ಪಿ.ಗೆ..." ಲೀಲಾಕ್ಷಿ ಒಲೆಯ ಬಳಿಯಿಂದ ಓಡಿ ಬಂದಳು.

ಹೊಡೆತಕ್ಕೆ ತುಟಿ ಒಡೆಯಿತು. ಜಡೆ ಹಿಡಿದು ಎಳೆದವನು ಅವಳ ಹಣೆಯನ್ನು ಫ್ರಿಜ್ಜಿಗೆ ಅಪ್ಪಳಿಸಿದ. ಇದೆಲ್ಲ ಅವಳಿಗೆ ಹಳೆಯದು. ಕಣ್ಣು ಮುಚ್ಚಿ ಮುಗಿಯುವುದನ್ನು ಕಾಯುತ್ತಿದ್ದಳು.

"ನಿನ್ನ ಅಜ್ಜಿಯೂ ಊರಲ್ಲಿ ಮಾಟವನ್ನೇ ಮಾಡ್ತಿದ್ದಳಂತೆ. ನೀನು ಚೀನಾದವರೆಗೆ ಹೋದೆ ನೋಡು! ಖಲಾಸ್ ಇವತ್ತು ನಿನ್ನ ಓದು!"

ಪುಟ ಹರಿಯುವ ಸದ್ದು. ಒಂದು, ಮತ್ತೊಂದು, ಆಮೇಲೆ ಮುಷ್ಟಿ ತುಂಬ.

ಲೀಲಾಕ್ಷಿ ಕಣ್ಣು ಬಿಟ್ಟಳು. ದಪ್ಪ ಕೋಶ ಕೈಗೆ ಬಂತು. ಎರಡೂ ಕೈಯಿಂದ ಎತ್ತಿ ಬೀಸಿದಳು. ಅವನ ಮೂಗಿನ ಎಲುಬು ಲಟಕ್ಕೆಂದಿತು. ಬಿದ್ದವನು ಅವಳ ಕಾಲು ಹಿಡಿದ. ಅವಳು ಮಣಿಕಟ್ಟಿಗೆ ಕೋಶವನ್ನು ಕುಟ್ಟಿದಳು, ಕೈ ಬಿಡುವವರೆಗೂ.

"ಕೊಲ್ತಾಳೆ! ಯಾರಾದ್ರೂ ಬನ್ನಿ!"

"ಬಾಗಿಲು ತೆಗಿ ಮಾರಾಯ್ತಿ!" ಎದುರುಮನೆಯ ಮಾಜಿದಾ ಬಾಗಿಲು ಬಡಿಯುತ್ತಿದ್ದಳು. ಲೀಲಾಕ್ಷಿ ತೆಗೆದಾಗ ನೆಲದ ರಕ್ತ ಕಂಡು ಬಾಯಿಗೆ ಕೈ ಹಿಡಿದಳು. "ಯಾ ಅಲ್ಲಾ! ನೀನು ನಮ್ಮನೆಗೆ ನಡಿ. ಯಜ್ಞೇಶಣ್ಣನನ್ನು ಎಂತ ಮಾಡುವಾ?"

ಲೀಲಾಕ್ಷಿ ಹರಿದ ಪುಟಗಳನ್ನು ಒಂದೊಂದಾಗಿ ಆಯ್ದು ಕೋಶದೊಳಗೆ ಇಟ್ಟಳು. ರಕ್ತ ಮೆತ್ತಿದ ಚೀಟಿಯನ್ನು ಅಲ್ಲೇ ಬಿಟ್ಟಳು.

"ಆಂಬುಲೆನ್ಸಿಗೆ ಫೋನ್ ಮಾಡು ಮಾಜಿದಕ್ಕ. ನನಗೆ ಇವರು ಬೇಡ."