ಕಾಲೋನಿಯಲ್ಲಿ ನಿಂತ ಕಾರು

ಬೆಳಿಗ್ಗೆ ಆರೂವರೆ. ಲಕ್ಷ್ಮಯ್ಯನ ಮನೆಯಂಗಳದಲ್ಲಿ ಡ್ರೈವರ್ ಸಿದ್ದರಾಜು ಕಾರಿನ ಹಿಂದಿನ ಸೀಟನ್ನು ಮೂರನೆಯ ಸಲ ತೊಳೆಯುತ್ತಿದ್ದ.

"ಆ ಮೂಲೇಲಿ ಉಜ್ಜಲಾ, ಬೋಳಿಮಗನೆ. ಅಲ್ಲೇ ತಾನೆ ನಿಮ್ಮವ್ವ ಕುಂತಿದ್ದು?"

"ಕುಂತಿರ್ಲಿಲ್ಲ ಗೌಡ್ರೆ. ಮಲಗ್ಸಿದ್ದೆ."

ಲಕ್ಷ್ಮಯ್ಯ ಜಗಲಿಯಿಂದ ಇಳಿದು ಫೋನನ್ನು ಅವನ ಮುಖಕ್ಕೆ ಹಿಡಿದ. ಸ್ಟೇರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದನ್ನು ಆತ ಯುಗಾದಿಗೆ ಮುಂಚೆ ಹಾಕಿಸಿದ್ದ. ಕಾರು ಎಲ್ಲಿ ನಿಂತಿತು, ಎಷ್ಟು ವೇಗದಲ್ಲಿ ಓಡಿತು, ಡ್ರೈವರ್ ಎಲ್ಲಿ ಜೋರಾಗಿ ಬ್ರೇಕ್ ಒತ್ತಿದ ಎಂಬುದೆಲ್ಲ ಫೋನಿಗೆ ಬರುತ್ತಿತ್ತು. ಚಾಲನೆಗೆ ಅಂಕವೂ ಬರುತ್ತಿತ್ತು. ಲಕ್ಷ್ಮಯ್ಯನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

"ನಿನ್ನೆ ನೂರಕ್ಕೆ ಮೂವತ್ತೊಂದು. ಎಸ್ಸೆಲ್ಸೀಲೂ ಫೇಲು, ಇಲ್ಲೂ ಫೇಲು. ಯಾವೋನಪ್ಪನ ಕಾರು ಅಂತ ಹಂಗ್ ಹೊಡ್ದೆ?"

"ಅವ್ವ ರಕ್ತ ಕಾರ್ತಿದ್ಲು. ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟಿಸ್ಬೇಕಿತ್ತು. ನಿಮ್ಗೆ ಫೋನ್ ಮಾಡ್ದೆ, ನೀವು ಎತ್ಲಿಲ್ಲ."

"ಎತ್ತಿದ್ರೆ ಬ್ಯಾಡ ಅಂತಿದ್ದೆ. ಇನ್ನೊಂದ್ಸಲ ನಿಮ್ ಕಾಲೋನೀಲಿ ನನ್ ಕಾರು ನಿಂತ್ರೆ ಅವತ್ತಿಗೆ ನಿನ್ ಕೆಲ್ಸ ಮುಗೀತು."

ಸಿದ್ದರಾಜುವಿನ ತಾಯಿ ಪಾಪಮ್ಮ ಇದೇ ಮನೆಯ ಕೊಟ್ಟಿಗೆ ಬಾಚುವವಳು. ಅವಳ ಪಕ್ಕೆಲುಬು ಮುರಿದದ್ದು ಇದೇ ಮನೆಯ ಸೀಮೆಹಸು ಒದ್ದು.

ಲಕ್ಷ್ಮಯ್ಯನ ತಾಯಿ ಕದಿರಮ್ಮ ಅರಿಶಿನದ ನೀರು ತಂದು ಸೀಟಿನ ಮೇಲೆ ಚಿಮುಕಿಸಿದಳು. ಅಂದು ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆ. ತಲೆಗೆ ನೀರು ಹಾಕಿಕೊಂಡ ಮೇಲೆ, ದರ್ಶನವಾಗುವವರೆಗೆ ದಲಿತರ ಕಾಲೋನಿಯ ನೆಲ ಮೆಟ್ಟುವಂತಿಲ್ಲ. ಅದು ಆ ಮನೆಯ ಕಟ್ಟು.

"ಮುಂದ್ಗಡೆ ಸೀಟಿಗೂ ಹಾಕಿ ಅಮ್ಮಾವ್ರೆ," ಎಂದ ಸಿದ್ದರಾಜು. "ನಾನೂ ಅವಳ ಹೊಟ್ಟೇಲೇ ಹುಟ್ಟಿದ್ದು."

"ಡ್ರೈವರ್ ಸೀಟಿಗೆ ಮೈಲಿಗೆ ಇಲ್ಲ ಕಣಪ್ಪ. ನೀನು ಓಡಿಸ್ದಿದ್ರೆ ನಾವು ಹೋಗೋದೆಂಗೆ?"

ಒದ್ದೆ ಸೀಟಿನ ಮೇಲೆ ಕಂಬಳಿ ಹಾಸಿ ತಾಯಿ, ಮಗ ಕುಳಿತರು. ಕಾರು ಊರು ದಾಟಿತು.

"ಕೊಟ್ಟಿಗೆ ನಾರ್ತಾ ಬಿದ್ದದೆ," ಎಂದ ಲಕ್ಷ್ಮಯ್ಯ. "ನಿಮ್ಮವ್ವ ಏಳೋಗಂಟ ನಿನ್ ಹೆಂಡ್ತೀನ ಕಳ್ಸು."

ಸಿದ್ದರಾಜು ಸ್ವಲ್ಪ ದೂರ ಹೋಗಿ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದ.

"ಈ ಕಡೆ ಯಾಕ್ಲಾ?"

ಕಾಲೋನಿಯ ನಡುವೆ, ತನ್ನ ಮನೆಯ ಮುಂದೆ, ಕುಲುಕದಂತೆ ಬ್ರೇಕ್ ಒತ್ತಿ ಎಂಜಿನ್ ನಿಲ್ಲಿಸಿದ.

"ಹೆಂಡ್ತೀನ ಕಳ್ಸು ಅಂದ್ರಲ್ಲ ಗೌಡ್ರೆ. ಒಳಗವಳೆ. ಇಳ್ದು ನೀವೇ ಕರೀರಿ."

"ಲೇ ನನ್ಮಗನೆ, ಮಡೀಲಿದ್ದೀವಿ ಕಣೋ. ಗಾಡಿ ತೆಗಿ."

"ನೀವೇ ಅಂದಿದ್ದು, ಇಲ್ ನಿಂತ್ರೆ ಕೆಲ್ಸ ಮುಗೀತು ಅಂತ. ಮುಗೀತು."

ಕೀಲಿಯನ್ನು ಬಾನೆಟ್ ಮೇಲಿಟ್ಟು ಅವನು ಬಸ್ ನಿಲ್ದಾಣದ ಕಡೆ ನಡೆದ. ಬಿಸಿಲೇರಿತು. ಸಿದ್ದರಾಜುವಿನ ಹೆಂಡತಿ ರಂಜಿತ ಒಂದು ಚೊಂಬು ನೀರು ತಂದು ಕಾರಿನ ಕಿಟಕಿ ತಟ್ಟಿದಳು. ಕದಿರಮ್ಮ ಮುಖ ತಿರುಗಿಸಿಕೊಂಡಳು. ಫೋನ್ ಮಾಡಿ ಕರೆಸಿದ ಬೇರೆ ಡ್ರೈವರ್ ಬರುವವರೆಗೆ ತಾಯಿ, ಮಗ ಬಾಗಿಲು ತೆರೆಯಲಿಲ್ಲ.

ಮಧ್ಯಾಹ್ನ ಲಕ್ಷ್ಮಯ್ಯ ಠಾಣೆಯಲ್ಲಿ ಫೋನಿನ ನಕ್ಷೆ ತೋರಿಸಿ, ಹಿಂದಿನ ದಿನ ತನ್ನ ಕಾರು ಕಳವಾಗಿತ್ತೆಂದು ದೂರು ಕೊಟ್ಟ. ಸಂಜೆ ಪೊಲೀಸರು ಸಿದ್ದರಾಜುವನ್ನು ತಾಯಿಯ ವಾರ್ಡಿನಿಂದ ಕರೆದುಕೊಂಡು ಹೋದರು.